ನೋಟ, ಸದ್ದು, ಓಟ: ಮಾದರಿ ರೈಲು ಎಂಜಿನ್ ಅಳೆಯುವುದು ಹೇಗೆ?

ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ



ಕಳೆದ ಬೇಸಿಗೆ ರಜೆಯಲ್ಲಿ ಇಂಗ್ಲೆಂಡಿನಲ್ಲಿ ಕೆಲಸ ಮಾಡುವ ನನ್ನ ಮಾಮು ಮೂರು ವಾರಗಳ ಮಟ್ಟಿಗೆ ಹುಬ್ಬಳ್ಳಿಗೆ ಬಂದಿದ್ದರು. ಅವರ ಸೂಟ್‌ಕೇಸಿನಲ್ಲಿ ಬಟ್ಟೆಗಳ ನಡುವೆ ಎರಡು ಉದ್ದನೆಯ ಪೆಟ್ಟಿಗೆಗಳಿದ್ದವು. ಎರಡರಲ್ಲೂ ಇದ್ದದ್ದು ಒಂದೇ ಎಂಜಿನ್, ಹಸಿರು ಬಣ್ಣದ 'ಫ್ಲೈಯಿಂಗ್ ಸ್ಕಾಟ್ಸ್‌ಮನ್'. ಇವು ಮಕ್ಕಳ ಆಟಿಕೆಗಳಲ್ಲ, ನಿಜವಾದ ಎಂಜಿನ್ನಿನ ಅಳತೆ ಹಿಡಿದು ಚಿಕ್ಕದಾಗಿ ಮಾಡಿದ ಮಾದರಿಗಳು. ಮಾಮು ಜೊತೆ ಕೆಲಸ ಮಾಡುವ ಹಿರಿಯರೊಬ್ಬರು ತಮ್ಮ ಸಂಗ್ರಹದಲ್ಲಿದ್ದವುಗಳನ್ನು ಮಾರುತ್ತಿದ್ದರಂತೆ. "ಎರಡನ್ನೂ ನಿಮ್ಮ ತಂದೆಗೆ ತೋರಿಸಿ. ಇಷ್ಟವಾದ ಒಂದಕ್ಕೆ ಹಣ ಕೊಡಿ, ಇನ್ನೊಂದನ್ನು ವಾಪಸ್ ತನ್ನಿ" ಎಂದು ಹೇಳಿ ಕಳುಹಿಸಿದ್ದರು.

ಆ ತಂದೆ ಎಂದರೆ ನನ್ನ ನಾನಾ, ಅಂದರೆ ಅಮ್ಮಿಯ ತಂದೆ. ಅವರು ಹುಬ್ಬಳ್ಳಿಯ ಲೋಕೋ ಶೆಡ್‌ನಲ್ಲಿ ಎಂಜಿನ್ ತೊಳೆಯುವ ಕೆಲಸಕ್ಕೆ ಸೇರಿ, ಮೀಟರ್‌ಗೇಜ್ ಉಗಿ ಎಂಜಿನ್ನುಗಳ ಮೇಲೆ ಫೈರ್‌ಮನ್ ಆಗಿ, ಕೊನೆಗೆ ಡೀಸೆಲ್ ಎಂಜಿನ್ ಡ್ರೈವರ್ ಆಗಿ ನಿವೃತ್ತರಾದವರು. ಮಾದರಿ ಎಂಜಿನ್ ಬೇಕೆಂಬುದು ಅವರ ಬಹಳ ದಿನದ ಆಸೆ. ಅದಕ್ಕೆಂದು ಪಿಂಚಣಿಯಲ್ಲಿ 10,000 ರೂಪಾಯಿ ತೆಗೆದಿಟ್ಟಿದ್ದರು. ಮೊದಲ ಎಂಜಿನ್ನಿನ ಬೆಲೆ ನಮ್ಮ ಲೆಕ್ಕದಲ್ಲಿ ಸುಮಾರು 7,500 ರೂಪಾಯಿ, ಎರಡನೆಯದು ಸುಮಾರು 17,000 ರೂಪಾಯಿ. ಎರಡನೆಯದೇ ಬೇಕೆಂದಾದರೆ ಉಳಿದ 7,000 ರೂಪಾಯಿಯನ್ನು ಮಾಮು ಮತ್ತು ನನ್ನ ಈದಿ ಹಣ ಸೇರಿ ತುಂಬಬೇಕಿತ್ತು.

ಒಂದೇ ಎಂಜಿನ್, ಒಂದೇ ಗಾತ್ರ, ಒಂದೇ ಬಣ್ಣ. ಹಾಗಿದ್ದೂ ಬೆಲೆ ಎರಡು ಪಟ್ಟಿಗಿಂತ ಹೆಚ್ಚು ಏಕೆ? ಈ ಪ್ರಶ್ನೆಗೆ ಉತ್ತರ ಹುಡುಕುತ್ತಾ ನಾನು ಮೂರು ವಾರದಲ್ಲಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಅಳತೆ

ಮಾದರಿ ರೈಲುಗಳಿಗೆ ಒಂದು ನಿಯಮವಿದೆ. ನಿಜವಾದ ವಸ್ತುವಿನ ಎಲ್ಲ ಅಳತೆಗಳನ್ನೂ ಒಂದೇ ಸಂಖ್ಯೆಯಿಂದ ಭಾಗಿಸಬೇಕು. ಆ ಸಂಖ್ಯೆಯನ್ನು ಸ್ಕೇಲ್ ಎನ್ನುತ್ತಾರೆ. ಯುರೋಪ್ ಮತ್ತು ಅಮೆರಿಕದಲ್ಲಿ ಹೆಚ್ಚು ಬಳಕೆಯಲ್ಲಿರುವುದು 'ಎಚ್‌ಓ', ಅಂದರೆ 87ರಲ್ಲಿ ಒಂದು ಪಾಲು. ಬ್ರಿಟನ್ನಿನಲ್ಲಿ 'ಡಬಲ್ ಓ', ಅಂದರೆ ಸುಮಾರು 76ರಲ್ಲಿ ಒಂದು ಪಾಲು. ಇನ್ನೂ ಚಿಕ್ಕದು 'ಎನ್', ಸಾಮಾನ್ಯವಾಗಿ 160ರಲ್ಲಿ ಒಂದು ಪಾಲು.

ಈ ಹವ್ಯಾಸ ಹಳೆಯದು. ಜರ್ಮನಿಯ ಮಾರ್ಕ್ಲಿನ್ ಕಂಪನಿ 1891ರಲ್ಲಿ ಲೈಪ್ಜಿಗ್ ಮೇಳದಲ್ಲಿ ಆಟಿಕೆ ರೈಲುಗಳ ಹಳಿಗೆ ನಿಗದಿತ ಅಳತೆಗಳನ್ನು ತಂದಿತು. ಹಾಗಾಗಿ ಒಮ್ಮೆ ಕೊಂಡ ಹಳಿಯ ಮೇಲೆ ಮುಂದೆ ಕೊಂಡ ಎಂಜಿನ್ನೂ ಓಡುವಂತಾಯಿತು. ಬ್ರಿಟನ್ನಿನಲ್ಲಿ ಮೆಕಾನೋ ಆಟಿಕೆಯನ್ನು ಕಂಡುಹಿಡಿದ ಲಿವರ್‌ಪೂಲ್‌ನ ಫ್ರಾಂಕ್ ಹಾರ್ನ್‌ಬಿ 1920ರಲ್ಲಿ ತಮ್ಮ ಹೆಸರಿನ ರೈಲುಗಳನ್ನು ಮಾರುಕಟ್ಟೆಗೆ ತಂದರು. ಅವರ ಕಂಪನಿ 1938ರಲ್ಲಿ 'ಹಾರ್ನ್‌ಬಿ ಡಬ್ಲೋ' ಎಂಬ ಚಿಕ್ಕ ಗಾತ್ರದ ರೈಲುಗಳನ್ನು ಹೊರತಂದಿತು. ಡಬ್ಲೋ ಎಂದರೆ ಡಬಲ್ ಓ.

ಡಬಲ್ ಓ ಸ್ಕೇಲ್‌ನಲ್ಲಿ ಒಂದು ತಮಾಷೆಯಿದೆ. ಬ್ರಿಟನ್ನಿನ ನಿಜವಾದ ಹಳಿಯ ಅಗಲ 1,435 ಮಿ.ಮೀ. ಅದನ್ನು 76.2ರಿಂದ ಭಾಗಿಸಿದರೆ 18.83 ಮಿ.ಮೀ. ಬರಬೇಕು. ಆದರೆ ಮಾದರಿ ಹಳಿಯ ಅಗಲ 16.5 ಮಿ.ಮೀ. ಮಾತ್ರ, ಅದು ಎಚ್‌ಓ ಹಳಿಯ ಅಗಲ. ಬ್ರಿಟನ್ನಿನ ಎಂಜಿನ್ನುಗಳು ಗಾತ್ರದಲ್ಲಿ ಚಿಕ್ಕವು. ಆಗಿನ ಕಾಲದ ಮೋಟರ್ ಎಚ್‌ಓ ಗಾತ್ರದ ಬ್ರಿಟಿಷ್ ಎಂಜಿನ್ನಿನ ಹೊಟ್ಟೆಯಲ್ಲಿ ಹಿಡಿಸುತ್ತಿರಲಿಲ್ಲ. ಆದ್ದರಿಂದ ಮೇಲಿನ ದೇಹವನ್ನು ದೊಡ್ಡದು ಮಾಡಿ, ಹಳಿಯನ್ನು ಹಾಗೆಯೇ ಬಿಟ್ಟರು. ಆ ರಾಜಿ ಇಂದಿಗೂ ಮುಂದುವರಿದಿದೆ. ನಾನಾ ಪೆಟ್ಟಿಗೆ ತೆಗೆದವರೇ, "ಮೈ ದಪ್ಪ, ಕಾಲು ಸಣ್ಣ" ಎಂದು ನಕ್ಕಿದ್ದು ಇದನ್ನು ನೋಡಿಯೇ.

ನಿಜವಾದ ಫ್ಲೈಯಿಂಗ್ ಸ್ಕಾಟ್ಸ್‌ಮನ್ ಬಗ್ಗೆಯೂ ಎರಡು ಮಾತು. ನೈಜೆಲ್ ಗ್ರೆಸ್ಲಿ ವಿನ್ಯಾಸ ಮಾಡಿದ ಇದು 1923ರಲ್ಲಿ ಡಾನ್‌ಕಾಸ್ಟರ್‌ನಲ್ಲಿ ತಯಾರಾಯಿತು. 1934ರಲ್ಲಿ ಗಂಟೆಗೆ 100 ಮೈಲಿ ವೇಗ ಮುಟ್ಟಿದ್ದು ಅಧಿಕೃತವಾಗಿ ದಾಖಲಾದ ಮೊದಲ ಉಗಿ ಎಂಜಿನ್ ಇದೇ. ಈಗ ಯಾರ್ಕ್‌ನ ರಾಷ್ಟ್ರೀಯ ರೈಲ್ವೆ ಮ್ಯೂಸಿಯಂಗೆ ಸೇರಿದೆ. ಮುಂದೆ ನಾಲ್ಕು ಚಿಕ್ಕ ಗಾಲಿ, ನಡುವೆ ಆರು ದೊಡ್ಡ ಗಾಲಿ, ಹಿಂದೆ ಎರಡು ಗಾಲಿ. ನಾನಾ ಕಲ್ಲಿದ್ದಲು ಹಾಕುತ್ತಿದ್ದ ನಮ್ಮ ಮೀಟರ್‌ಗೇಜ್ 'ವೈಪಿ' ಎಂಜಿನ್ನಿನ ಗಾಲಿಗಳ ಲೆಕ್ಕವೂ ಇದೇ, 4-6-2. ಈ ಎಂಜಿನ್ ಅವರ ಕಣ್ಣಿಗೆ ಬಿದ್ದದ್ದು ಅದಕ್ಕಾಗಿಯೇ. ಎಂಜಿನ್ ಮತ್ತು ಅದರ ಹಿಂದಿನ ಕಲ್ಲಿದ್ದಲಿನ ಟೆಂಡರ್ ಸೇರಿ ನಿಜದಲ್ಲಿ ಸುಮಾರು 21 ಮೀಟರ್ ಉದ್ದ. ಮಾದರಿಯಲ್ಲಿ ಅದು ಸುಮಾರು 28 ಸೆಂ.ಮೀ., ನಮ್ಮ ಶಾಲೆಯ ಸ್ಕೇಲ್‌ಪಟ್ಟಿಗಿಂತ ಸ್ವಲ್ಪ ಕಡಿಮೆ.

ಇನ್ನು ಮುಂದೆ ಕಡಿಮೆ ಬೆಲೆಯದನ್ನು 'ಸಾದಾ' ಎಂದೂ ಹೆಚ್ಚು ಬೆಲೆಯದನ್ನು 'ಬೆಲೆಯ' ಎಂಜಿನ್ ಎಂದೂ ಕರೆಯುತ್ತೇನೆ.

ಒಂದು: ನೋಟ

ಎರಡನ್ನೂ ಪಕ್ಕಪಕ್ಕ ಇಟ್ಟಾಗ ಮೊದಲು ಕಾಣುವುದು ನೋಟದ ವ್ಯತ್ಯಾಸ. ಸಾದಾ ಎಂಜಿನ್ನಿನ ಮೇಲ್ಭಾಗ ಹಳೆಯ ಅಚ್ಚಿನದು. ಬಾಯ್ಲರ್ ಪಕ್ಕದ ಕೊಳವೆಗಳು, ಮೆಟ್ಟಿಲುಗಳು ಎಲ್ಲವೂ ಪ್ಲಾಸ್ಟಿಕ್ ದೇಹದ ಜೊತೆಯೇ ಅಚ್ಚಾಗಿ ಉಬ್ಬಿ ನಿಂತಿವೆ. ಡ್ರೈವರ್ ನಿಲ್ಲುವ ಕ್ಯಾಬ್ ಒಳಗೆ ಒಂದಿಷ್ಟು ಉಬ್ಬು ತಗ್ಗು ಬಿಟ್ಟರೆ ಬಣ್ಣವಿಲ್ಲ.

ಬೆಲೆಯ ಎಂಜಿನ್ನಿನಲ್ಲಿ ಪ್ರತಿಯೊಂದೂ ಬೇರೆ ಬೇರೆಯಾಗಿ ಮಾಡಿ ಕೂರಿಸಿದ ಭಾಗ. ಹಿಡಿದುಕೊಳ್ಳುವ ಕಂಬಿಗಳು ತಂತಿಯವು, ಅವುಗಳ ಹಿಂದೆ ಬೆಳಕು ಕಾಣುತ್ತದೆ. ಕ್ಯಾಬ್ ಒಳಗಿನ ಗೇಜುಗಳಿಗೆ ಬಿಳಿ ಮುಖ, ಕೊಳವೆಗಳಿಗೆ ತಾಮ್ರದ ಬಣ್ಣ. ಬದಿಯಲ್ಲಿರುವ 4472 ಎಂಬ ಸಂಖ್ಯೆಯ ಅಂಚಿನ ಗೆರೆಯೂ ಭೂತಗನ್ನಡಿಯಲ್ಲಿ ನೇರವಾಗಿದೆ.

ಇಲ್ಲಿ ನೆನಪಿಡಬೇಕಾದ ಲೆಕ್ಕ ಒಂದಿದೆ. ಡಬಲ್ ಓ ಮಾದರಿಯಲ್ಲಿ 1 ಮಿ.ಮೀ. ಎಂದರೆ ನಿಜದಲ್ಲಿ 76 ಮಿ.ಮೀ. ಕೈಯಲ್ಲಿ ಹಿಡಿಯುವ ಕಂಬಿ ನಿಜದಲ್ಲಿ 30 ಮಿ.ಮೀ. ದಪ್ಪವಿದ್ದರೆ ಮಾದರಿಯಲ್ಲಿ 0.4 ಮಿ.ಮೀ. ಇರಬೇಕು. ಅಷ್ಟು ತೆಳುವಾದ ಭಾಗವನ್ನು ಅಚ್ಚಿನಲ್ಲಿ ತರುವುದು ಕಷ್ಟ. ಬೇರೆಯಾಗಿ ಮಾಡಿ, ಒಬ್ಬರು ಕೈಯಿಂದ ಕೂರಿಸಬೇಕು. ಬೆಲೆ ಏರುವುದಕ್ಕೆ ಒಂದು ದೊಡ್ಡ ಕಾರಣ ಈ ಕೈಕೆಲಸದ ಕೂಲಿ.

ನೋಟವನ್ನು ಪರೀಕ್ಷಿಸುವಾಗ ಭಾಗಗಳನ್ನು ಎಣಿಸುವುದಕ್ಕಿಂತ ಮೊದಲು ಆಕಾರ ನೋಡಬೇಕು ಎಂದು ಮಾಮು ಹೇಳಿಕೊಟ್ಟರು. ನಿಜ ಎಂಜಿನ್ನಿನ ಫೋಟೊ ಪಕ್ಕದಲ್ಲಿಟ್ಟು ಬಾಯ್ಲರಿನ ದಪ್ಪ, ಹೊಗೆಕೊಳವೆಯ ಎತ್ತರ, ಕ್ಯಾಬಿನ ಕಿಟಕಿಯ ಜಾಗ ಹೋಲಿಸಿ. ಎರಡು ಮೀಟರ್ ದೂರದಿಂದ ಕಣ್ಣಿಗೆ ಕಾಣುವುದು ಆಕಾರವೇ ಹೊರತು ತಾಮ್ರದ ಕೊಳವೆಯಲ್ಲ. ಆಶ್ಚರ್ಯವೆಂದರೆ, ಸಾದಾ ಎಂಜಿನ್ನಿನ ಅಚ್ಚು ಹಳೆಯದಾದರೂ ಆಕಾರ ತಪ್ಪಿರಲಿಲ್ಲ.

ಇನ್ನೊಂದು ಮಾತು. ಸೂಕ್ಷ್ಮ ಭಾಗಗಳು ಬೇಗ ಮುರಿಯುತ್ತವೆ. ನನ್ನ ತಂಗಿ ಬೆಲೆಯ ಎಂಜಿನ್ನನ್ನು ಎತ್ತಿದ ಮೊದಲ ಸಲವೇ ಒಂದು ಮೆಟ್ಟಿಲು ಕಳಚಿ ಚಾಪೆಯ ಮೇಲೆ ಬಿತ್ತು. ಮನೆಯವರೆಲ್ಲ ಅರ್ಧ ಗಂಟೆ ನೆಲದ ಮೇಲೆ ಮಂಡಿಯೂರಿ ಹುಡುಕಿದೆವು. ಸಿಕ್ಕಿತು, ಮಾಮು ಅಂಟಿಸಿದರು.

ಎರಡು: ಸದ್ದು

ಸದ್ದಿನ ವಿಷಯಕ್ಕೆ ಬರುವ ಮೊದಲು ವಿದ್ಯುತ್ತಿನ ವಿಷಯ ಹೇಳಬೇಕು. ಹಳೆಯ ವ್ಯವಸ್ಥೆಯಲ್ಲಿ ಹಳಿಗೆ 0ಯಿಂದ 12 ವೋಲ್ಟ್‌ವರೆಗೆ ವಿದ್ಯುತ್ ಕೊಡುತ್ತಾರೆ. ವೋಲ್ಟ್ ಹೆಚ್ಚಿಸಿದರೆ ಎಂಜಿನ್ ಜೋರಾಗಿ ಓಡುತ್ತದೆ, ಶೂನ್ಯ ಮಾಡಿದರೆ ನಿಲ್ಲುತ್ತದೆ. ಒಂದೇ ಹಳಿಯ ಮೇಲೆ ಎರಡು ಎಂಜಿನ್ ಇಟ್ಟರೆ ಎರಡೂ ಓಡುತ್ತವೆ. ಹೊಸ ಡಿಜಿಟಲ್ ವ್ಯವಸ್ಥೆಯಲ್ಲಿ ಹಳಿಯಲ್ಲಿ ಯಾವಾಗಲೂ ಪೂರ್ತಿ ವಿದ್ಯುತ್ ಇರುತ್ತದೆ, ಅದರ ಜೊತೆಗೆ ಸಂಕೇತಗಳೂ ಹರಿಯುತ್ತವೆ. ಪ್ರತಿ ಎಂಜಿನ್ ಒಳಗೆ ಡಿಕೋಡರ್ ಎಂಬ ಚಿಪ್ ಇರುತ್ತದೆ. ಅದಕ್ಕೊಂದು ನಂಬರ್. ತನ್ನ ನಂಬರಿಗೆ ಬಂದ ಆಜ್ಞೆಯನ್ನಷ್ಟೇ ಅದು ಪಾಲಿಸುತ್ತದೆ. ಜರ್ಮನಿಯ ಲೆನ್ಜ್ ಕಂಪನಿಯ ಕೆಲಸದ ಆಧಾರದ ಮೇಲೆ ಅಮೆರಿಕದ ರಾಷ್ಟ್ರೀಯ ಮಾದರಿ ರೈಲ್ವೆ ಸಂಘ 1990ರ ದಶಕದಲ್ಲಿ ಇದಕ್ಕೆ ಒಂದು ಸಾಮಾನ್ಯ ಮಾನದಂಡ ಮಾಡಿತು. ಆದ್ದರಿಂದ ಒಂದು ಕಂಪನಿಯ ಡಿಕೋಡರ್ ಇನ್ನೊಂದು ಕಂಪನಿಯ ನಿಯಂತ್ರಕಕ್ಕೆ ಸ್ಪಂದಿಸುತ್ತದೆ.

ಹೊಸ ಡಿಕೋಡರ್‌ಗೆ ಕಾರ್ಖಾನೆಯಲ್ಲಿ ಕೊಡುವ ನಂಬರ್ 3. ನಮಗೆ ಇದು ಗೊತ್ತಿರಲಿಲ್ಲ. ಎರಡೂ ಎಂಜಿನ್‌ಗಳನ್ನು ಹಳಿಯ ಮೇಲಿಟ್ಟು ಒಂದನ್ನು ಓಡಿಸಲು ಹೋದರೆ ಎರಡೂ ಹೊರಟು, ಒಂದರ ಬೆನ್ನಿಗೆ ಒಂದು ಬಂದವು! ಆಮೇಲೆ ಸಾದಾ ಎಂಜಿನ್ನಿಗೆ 4 ಎಂದು ನಂಬರ್ ಕೊಟ್ಟೆವು.

ಸಾದಾ ಎಂಜಿನ್ನಿನಲ್ಲಿ ಇದ್ದದ್ದು ಬರೀ ಡಿಕೋಡರ್, ಸದ್ದಿಲ್ಲ. ಬೆಲೆಯದರಲ್ಲಿ ಸದ್ದಿನ ಡಿಕೋಡರ್ ಮತ್ತು ಟೆಂಡರಿನೊಳಗೆ ಚಿಕ್ಕ ಸ್ಪೀಕರ್. ನಿಜ ಎಂಜಿನ್‌ಗಳ ಸದ್ದನ್ನು ರೆಕಾರ್ಡ್ ಮಾಡಿ ಚಿಪ್‌ನಲ್ಲಿ ತುಂಬಿರುತ್ತಾರೆ. ಒಂದು ಗುಂಡಿಗೆ ಸೀಟಿ, ಇನ್ನೊಂದಕ್ಕೆ ಕಲ್ಲಿದ್ದಲು ಹಾಕುವ ಸಲಿಕೆಯ ಸದ್ದು, ಮತ್ತೊಂದಕ್ಕೆ ಉಗಿ ಬಿಡುವ ಸದ್ದು. ಮೊದಲ ದಿನ ಪಕ್ಕದ ಮನೆಯ ಮಕ್ಕಳೂ ಬಂದು ಸೇರಿದರು. ಬೆಲೆಯ ಎಂಜಿನ್ನೇ ಬೇಕು ಎಂದು ಅವತ್ತೇ ಎಲ್ಲರೂ ತೀರ್ಮಾನಿಸಿದ ಹಾಗಿತ್ತು.

ನಾನಾ ಮಾತ್ರ ಸುಮ್ಮನಿದ್ದರು. "ಇಲಿ ಕೆಮ್ಮಿದ ಹಾಗೆ ಕೇಳಿಸುತ್ತದೆ" ಎಂದರು. ನಾವು ನಕ್ಕೆವು. ಆದರೆ ಅದರ ಹಿಂದೆ ಎರಡು ಕಾರಣಗಳಿದ್ದವು. ಮೊದಲನೆಯದು ಸ್ಪೀಕರಿನದು. ಎಂಜಿನ್ನನ್ನು 76 ಪಾಲು ಚಿಕ್ಕದು ಮಾಡಬಹುದು, ಸದ್ದನ್ನು ಹಾಗೆ ಮಾಡಲಾಗದು. ವಿಜ್ಞಾನ ವಿಭಾಗದ ಗೆಳೆಯನೊಬ್ಬ ಲೆಕ್ಕ ಮಾಡಿ ತೋರಿಸಿದ: 100 ಹರ್ಟ್ಸ್‌ನ ಗಡಸು ಸದ್ದಿನ ಒಂದು ಅಲೆಯ ಉದ್ದವೇ ಸುಮಾರು 3.4 ಮೀಟರ್. ಬೆಂಕಿಪೊಟ್ಟಣಕ್ಕಿಂತ ಚಿಕ್ಕ ಸ್ಪೀಕರ್ ಅಂಥ ಸದ್ದನ್ನು ಬಲವಾಗಿ ಹೊರಡಿಸಲಾರದು. ಎದೆಯಲ್ಲಿ ಗುಡುಗುವ ಭಾಗ ಹೋಗಿ ಮೇಲಿನ ಚಿಕ್ಕ ಸದ್ದಷ್ಟೇ ಉಳಿಯುತ್ತದೆ. ಎರಡನೆಯದು ನಾನಾ ಅವರ ಕಿವಿಯದು. ಅಷ್ಟು ವರ್ಷ ಎಂಜಿನ್ ಮೇಲೆ ನಿಂತು ಅವರಿಗೆ ಕಿವಿ ಮಂದವಾಗಿದೆ. ಹೀಗೆ ಮಂದವಾದಾಗ ಮೊದಲು ಹೋಗುವುದು ಕೀಚಲು ಸದ್ದುಗಳು ಎಂದು ಡಾಕ್ಟರ್ ಹೇಳಿದ್ದರು. ಅಂದರೆ ಆ ಚಿಕ್ಕ ಸ್ಪೀಕರ್ ಯಾವುದನ್ನು ಚೆನ್ನಾಗಿ ನುಡಿಸುತ್ತದೋ ಅದೇ ನಾನಾಗೆ ಕೇಳಿಸುವುದಿಲ್ಲ.

ಆದರೂ ಅವರು ಒಂದು ತಪ್ಪು ಹಿಡಿದರು. ಕಿವಿಯನ್ನು ಟೆಂಡರ್ ಹತ್ತಿರ ತಂದು, ಗಾಲಿಯ ಮೇಲೆ ಸುಣ್ಣದ ಚುಕ್ಕೆ ಇಡಿಸಿ, ಗಾಲಿ ಒಂದು ಸುತ್ತು ತಿರುಗುವಾಗ ಎಷ್ಟು 'ಛಕ್' ಬರುತ್ತದೆ ಎಂದು ನನ್ನಿಂದ ಎಣಿಸಿದರು. ಒಮ್ಮೆ ಐದು, ಒಮ್ಮೆ ನಾಲ್ಕು. "ನಮ್ಮ ವೈಪಿಯಲ್ಲಿ ಒಂದು ಸುತ್ತಿಗೆ ಸರಿಯಾಗಿ ನಾಲ್ಕು" ಎಂದರು.

ಕಾರಣ ಹೀಗಿದೆ. ಉಗಿ ಎಂಜಿನ್ನಿನ ಸಿಲಿಂಡರಿಗೆ ಎರಡೂ ಕಡೆಯಿಂದ ಉಗಿ ಹೋಗುತ್ತದೆ. ಪಿಸ್ಟನ್ ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಬಳಸಿದ ಉಗಿ ಹೊಗೆಕೊಳವೆಯಿಂದ ಹೊರಬೀಳುತ್ತದೆ. ಅದೇ 'ಛಕ್'. ಗಾಲಿಯ ಒಂದು ಸುತ್ತಿಗೆ ಒಂದು ಸಿಲಿಂಡರ್ ಎರಡು ಸಲ ಸದ್ದು ಮಾಡುತ್ತದೆ. ವೈಪಿಗೆ ಎರಡು ಸಿಲಿಂಡರ್, ಆದ್ದರಿಂದ ನಾಲ್ಕು. ಆದರೆ ಫ್ಲೈಯಿಂಗ್ ಸ್ಕಾಟ್ಸ್‌ಮನ್‌ಗೆ ಮೂರು ಸಿಲಿಂಡರ್. ಹೊರಗೆ ಎರಡು ಕಾಣುತ್ತವೆ, ಮೂರನೆಯದು ಒಳಗಿದೆ. ಆದ್ದರಿಂದ ಒಂದು ಸುತ್ತಿಗೆ ಆರು ಬರಬೇಕು. ಇದನ್ನು ಓದಿ ತಿಳಿದು ಹೇಳಿದಾಗ ನಾನಾ ಸ್ವಲ್ಪ ಹೊತ್ತು ಬೆರಳ ಮೇಲೆ ಎಣಿಸಿ, "ಹೌದು, ಹಾಗಾದರೆ ಆರೇ" ಎಂದು ಒಪ್ಪಿದರು. ಡಿಕೋಡರ್ ಕೈಪಿಡಿ ನೋಡಿ ಸಂಖ್ಯೆ ಬದಲಿಸಿದ ಮೇಲೆ ನಿಧಾನ ವೇಗದಲ್ಲಿ ಲೆಕ್ಕ ಆರಕ್ಕೆ ಬಂತು.

ಸದ್ದಿನ ಮಾದರಿ ಕೊಳ್ಳುವವರು ಇದೊಂದನ್ನು ಖಂಡಿತ ಪರೀಕ್ಷಿಸಬೇಕು. ಸೀಟಿ ಎಲ್ಲದರಲ್ಲೂ ಚೆನ್ನಾಗಿರುತ್ತದೆ. ಗಾಲಿಗೂ ಸದ್ದಿಗೂ ತಾಳೆ ಇದೆಯೇ ಎಂಬುದು ಮುಖ್ಯ.

ಮೂರು: ಓಟ

ಮೂರನೆಯ ದಿನ ನಾನಾ ಪರೀಕ್ಷೆ ಶುರು ಮಾಡಿದರು. ತಂಗಿ ಎಂಜಿನ್ನನ್ನು ಪೂರ್ತಿ ವೇಗದಲ್ಲಿ ಓಡಿಸುತ್ತಿದ್ದಳು. ನಾನಾ ಅವಳ ಕೈ ಹಿಡಿದು, "ಜೋರ್ ಸೆ ತೋ ಕೋಯಿ ಭೀ ಚಲಾತಾ, ಆಹಿಸ್ತಾ ಚಲಾಕೋ ದಿಖಾ" ಎಂದರು. ಜೋರಾಗಿ ಯಾರು ಬೇಕಾದರೂ ಓಡಿಸುತ್ತಾರೆ, ನಿಧಾನವಾಗಿ ಓಡಿಸಿ ತೋರಿಸು ಎಂದರ್ಥ. ಯಾರ್ಡಿನಲ್ಲಿ ಡಬ್ಬಿಗೆ ಎಂಜಿನ್ ಜೋಡಿಸುವಾಗ ಮನುಷ್ಯ ನಡೆಯುವ ವೇಗಕ್ಕಿಂತ ಕಡಿಮೆ ವೇಗದಲ್ಲಿ ಹೋಗಬೇಕಂತೆ. ಡ್ರೈವರನ ಕೈ ಗೊತ್ತಾಗುವುದೂ ಅಲ್ಲೇ, ಎಂಜಿನ್ನಿನ ಗುಣ ಗೊತ್ತಾಗುವುದೂ ಅಲ್ಲೇ.

ಇದನ್ನು ಅಳೆಯಲು ಒಂದು ಸುಲಭ ಸೂತ್ರವಿದೆ. ಹಳಿಯ ಪಕ್ಕ 1 ಮೀಟರ್ ದೂರಕ್ಕೆ ಎರಡು ಗುರುತು ಹಾಕಿ. ಎಂಜಿನ್ ಆ ದೂರ ದಾಟಲು ಎಷ್ಟು ಸೆಕೆಂಡ್ ಬೇಕೆಂದು ಮೊಬೈಲಿನಲ್ಲಿ ನೋಡಿ. ಡಬಲ್ ಓ ಮಾದರಿಯಾದರೆ 274ನ್ನು ಆ ಸೆಕೆಂಡಿನಿಂದ ಭಾಗಿಸಿ. ಬರುವ ಉತ್ತರವೇ ನಿಜ ಎಂಜಿನ್ನಿನ ಲೆಕ್ಕದಲ್ಲಿ ಗಂಟೆಗೆ ಕಿ.ಮೀ. ವೇಗ. ಎಚ್‌ಓ ಆದರೆ 313ನ್ನು ಭಾಗಿಸಬೇಕು. ಉದಾಹರಣೆಗೆ, 1 ಮೀಟರನ್ನು 5 ಸೆಕೆಂಡಿನಲ್ಲಿ ದಾಟಿದರೆ ಡಬಲ್ ಓ ಲೆಕ್ಕದಲ್ಲಿ ಸುಮಾರು 55 ಕಿ.ಮೀ. ವೇಗ. ಮನುಷ್ಯನ ನಡಿಗೆಯಂತೆ 5 ಕಿ.ಮೀ. ವೇಗದಲ್ಲಿ ಹೋಗಬೇಕಾದರೆ ಸುಮಾರು 55 ಸೆಕೆಂಡ್ ಹಿಡಿಯಬೇಕು.

ನಿಲ್ಲದೆ, ಮುಗ್ಗರಿಸದೆ ಹೋಗುವ ಅತಿ ಕಡಿಮೆ ವೇಗವನ್ನು ಅಳೆದೆವು. ಸಾದಾ ಎಂಜಿನ್ 30 ಸೆಕೆಂಡ್, ಅಂದರೆ 9 ಕಿ.ಮೀ. ಬೆಲೆಯದು 15 ಸೆಕೆಂಡ್, ಅಂದರೆ 18 ಕಿ.ಮೀ. ಅದಕ್ಕಿಂತ ನಿಧಾನ ಮಾಡಿದರೆ ಅದು ನಿಂತುಬಿಡುತ್ತಿತ್ತು. ನಿಂತಾಗಲೆಲ್ಲ ಸದ್ದೂ ಕಡಿದು, ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು.

ನಾನು ತಕ್ಷಣ ಫಲಿತಾಂಶ ಬರೆದುಕೊಂಡೆ. ಮಾಮು ತಡೆದರು. "ಎರಡರ ಗಾಲಿಯನ್ನೂ ನೋಡಿದೆಯಾ?" ಎಂದು ಕೇಳಿದರು. ತಿರುಗಿಸಿ ನೋಡಿದರೆ ಗಾಲಿಗಳ ಅಂಚಿನಲ್ಲಿ ಕಪ್ಪು ಜಿಡ್ಡು. ಮಾದರಿ ಎಂಜಿನ್ನಿಗೆ ವಿದ್ಯುತ್ ಬರುವುದು ಹಳಿಯಿಂದ ಗಾಲಿಗೆ, ಗಾಲಿಯಿಂದ ಅದನ್ನು ಸವರುವ ತೆಳು ಲೋಹದ ಪಟ್ಟಿಗೆ, ಅಲ್ಲಿಂದ ಮೋಟರಿಗೆ. ನಡುವೆ ಒಂದು ಪದರ ಜಿಡ್ಡು ಇದ್ದರೂ ವಿದ್ಯುತ್ ಕಡಿಯುತ್ತದೆ. ವೇಗ ಇದ್ದಾಗ ಗಾಲಿ ಆ ಜಾಗವನ್ನು ಉರುಳಿ ದಾಟಿಬಿಡುತ್ತದೆ, ನಿಧಾನ ಇದ್ದಾಗ ಅಲ್ಲೇ ನಿಲ್ಲುತ್ತದೆ. ಮೊಬೈಲ್ ರಿಪೇರಿ ಅಂಗಡಿಯಿಂದ ಐಸೊಪ್ರೊಪಿಲ್ ಆಲ್ಕೋಹಾಲ್ ತಂದು ಬಟ್ಟೆಯಲ್ಲಿ ಅದ್ದಿ ಗಾಲಿ, ಹಳಿ ಎರಡನ್ನೂ ಒರೆಸಿದೆವು.

ಮತ್ತೆ ಅಳೆದಾಗ ಸಾದಾ ಎಂಜಿನ್ 58 ಸೆಕೆಂಡ್, ಅಂದರೆ 4.7 ಕಿ.ಮೀ. ಬೆಲೆಯದು 40 ಸೆಕೆಂಡ್, ಅಂದರೆ ಸುಮಾರು 7 ಕಿ.ಮೀ. ಒರೆಸುವ ಮೊದಲಿನ ಫಲಿತಾಂಶವನ್ನೇ ಬರೆದಿದ್ದರೆ ಬೆಲೆಯ ಎಂಜಿನ್ನಿಗೆ ಅನ್ಯಾಯವಾಗುತ್ತಿತ್ತು. ಅಕೌಂಟೆನ್ಸಿಯಲ್ಲಿ ಎರಡು ವರ್ಷದ ಲಾಭ ಹೋಲಿಸುವಾಗ ಎರಡಕ್ಕೂ ಒಂದೇ ಪದ್ಧತಿ ಅನುಸರಿಸಿರಬೇಕು ಎಂದು ಓದುತ್ತೇವಲ್ಲ, ಇದೂ ಹಾಗೆಯೇ.

ನಿಧಾನ ಓಟ ಯಾವುದರಿಂದ ಬರುತ್ತದೆ? ಮುಖ್ಯವಾಗಿ ನಾಲ್ಕು ಸಂಗತಿಗಳಿಂದ.

ಮೊದಲನೆಯದು ಮೋಟರ್. ಒಳಗೆ ತಿರುಗುವ ಭಾಗಕ್ಕೆ ಮೂರು ಧ್ರುವ ಇದ್ದರೆ ಅದು ಜಗ್ಗಿ ಜಗ್ಗಿ ತಿರುಗುತ್ತದೆ, ಐದು ಇದ್ದರೆ ನಯವಾಗಿ ತಿರುಗುತ್ತದೆ. ಎರಡನೆಯದು ಗಾಲಿಗೆ ಶಕ್ತಿ ಮುಟ್ಟಿಸುವ ಗಿಯರ್ ಮತ್ತು ಮೋಟರಿಗೆ ಜೋಡಿಸಿದ ಭಾರದ ಚಕ್ರ. ವಿದ್ಯುತ್ ಕ್ಷಣಕಾಲ ತಪ್ಪಿದರೂ ಈ ಚಕ್ರದ ವೇಗ ಎಂಜಿನ್ನನ್ನು ಮುಂದಕ್ಕೆ ತಳ್ಳುತ್ತದೆ. ಮೂರನೆಯದು ಎಷ್ಟು ಗಾಲಿಗಳಿಂದ ವಿದ್ಯುತ್ ತೆಗೆದುಕೊಳ್ಳುತ್ತದೆ ಎಂಬುದು. ಎಂಜಿನ್ನಿನ ಆರು ಗಾಲಿಗಳ ಜೊತೆ ಟೆಂಡರಿನ ಗಾಲಿಗಳೂ ಸೇರಿದರೆ ಹಳಿ ಬದಲಾಗುವ ಜಾಗದಲ್ಲಿ ನಿಲ್ಲುವ ಭಯ ಕಡಿಮೆ. ನಾಲ್ಕನೆಯದು ಡಿಕೋಡರ್. ಒಳ್ಳೆಯ ಡಿಕೋಡರ್ ಮೋಟರ್ ಎಷ್ಟು ವೇಗದಲ್ಲಿ ತಿರುಗುತ್ತಿದೆ ಎಂದು ಕ್ಷಣಕ್ಷಣಕ್ಕೂ ಅಳೆದು, ಏರಿನಲ್ಲಿ ವೇಗ ತಗ್ಗಿದರೆ ತಾನೇ ವಿದ್ಯುತ್ ಹೆಚ್ಚಿಸುತ್ತದೆ.

ನಮ್ಮ ಸಾದಾ ಎಂಜಿನ್ನಿನ ಮೇಲ್ಭಾಗ ಹಳೆಯದಾದರೂ ಕೆಳಗಿನ ಯಂತ್ರ ಹೊಸದು, ಐದು ಧ್ರುವದ ಮೋಟರಿನದು. ಬೆಲೆಯದರಲ್ಲೂ ಒಳ್ಳೆಯ ಮೋಟರೇ ಇತ್ತು. ಆದರೆ ಟೆಂಡರಿಗೂ ಎಂಜಿನ್ನಿಗೂ ನಡುವಿನ ವಿದ್ಯುತ್ ಸಂಪರ್ಕ ಸಡಿಲವಾಗಿತ್ತು. ಹಳಿ ಕವಲೊಡೆಯುವ ಜಾಗದಲ್ಲಿ ಹತ್ತಕ್ಕೆ ಮೂರು ನಾಲ್ಕು ಸಲ ನಿಲ್ಲುತ್ತಿತ್ತು. ಬಿಚ್ಚಿ ಸರಿಮಾಡಬಹುದಿತ್ತೇನೋ, ಆದರೆ ಅದು ಇನ್ನೂ ನಮ್ಮದಾಗಿರಲಿಲ್ಲ. ಇದು ಆ ಒಂದು ಹಳೆಯ ಎಂಜಿನ್ನಿನ ದೋಷ. ಬೆಲೆ ಹೆಚ್ಚಿನವೆಲ್ಲ ಹೀಗೆ ಎಂದು ಯಾರೂ ತಿಳಿಯಬಾರದು.

ಕೊನೆಯ ಪರೀಕ್ಷೆ ಏರು. ಕ್ಯಾಸಲ್‌ರಾಕ್‌ನಿಂದ ಗೋವಾ ಕಡೆಗೆ ಇಳಿಯುವ ಘಾಟಿಯಲ್ಲಿ 37 ಅಡಿಗೆ ಒಂದು ಅಡಿ ಏರಿಳಿತ. ನಾನಾ ಅದನ್ನೇ ಮಾಡಿಸಿದರು. 1 ಮೀಟರ್ ಹಲಗೆಯ ಒಂದು ತುದಿಯನ್ನು 2.7 ಸೆಂ.ಮೀ. ಎತ್ತರಿಸಿದರೆ ಅದೇ ಏರು. ಅದಕ್ಕೆ ನನ್ನ ಬಿಸಿನೆಸ್ ಸ್ಟಡೀಸ್ ಪುಸ್ತಕದ ಜೊತೆ ಇನ್ನೊಂದು ತೆಳು ಪುಸ್ತಕ ಸಾಕಾಯಿತು. ಸಾದಾ ಎಂಜಿನ್ ನಾಲ್ಕು ಡಬ್ಬಿಗಳನ್ನು ಎಳೆದುಕೊಂಡು ಹತ್ತಿತು. ಬೆಲೆಯದು ಮೂರನ್ನು ಎಳೆಯಿತು, ನಾಲ್ಕನೆಯದಕ್ಕೆ ಗಾಲಿ ಜಾರಿತು. ಸಾದಾ ಎಂಜಿನ್ನಿನ ಎರಡು ಗಾಲಿಗಳಿಗೆ ರಬ್ಬರ್ ಪಟ್ಟಿ ಇದ್ದದ್ದೇ ಕಾರಣ. ರಬ್ಬರ್ ಹಿಡಿತ ಕೊಡುತ್ತದೆ, ಆದರೆ ಆ ಗಾಲಿಗಳಿಂದ ವಿದ್ಯುತ್ ತೆಗೆಯಲಾಗದು. ಒಂದನ್ನು ಪಡೆಯಲು ಇನ್ನೊಂದನ್ನು ಬಿಡಬೇಕು.

ಅಂಕಗಳನ್ನು ಕೂಡಿಸುವ ಮೊದಲು

ನಾನು ಮೂರಕ್ಕೂ ಹತ್ತರಲ್ಲಿ ಅಂಕ ಕೊಟ್ಟೆ.

ನೋಟ: ಸಾದಾ 5, ಬೆಲೆಯದು 9.
ಸದ್ದು: ಸಾದಾ 0, ಬೆಲೆಯದು 7.
ಓಟ: ಸಾದಾ 9, ಬೆಲೆಯದು 6.

ಸುಮ್ಮನೆ ಕೂಡಿಸಿದರೆ ಸಾದಾ 14, ಬೆಲೆಯದು 22. ಬೆಲೆಯದು ಸುಲಭವಾಗಿ ಗೆದ್ದಿತು. ಆದರೆ ನಾವು ಸಂಖ್ಯಾಶಾಸ್ತ್ರದಲ್ಲಿ ತೂಕದ ಸರಾಸರಿ ಕಲಿತಿದ್ದೇವೆ. ಮೂರೂ ಎಲ್ಲರಿಗೂ ಸಮಾನವಲ್ಲ. ಯಾವುದು ನಿಮಗೆ ಎಷ್ಟು ಮುಖ್ಯ ಎಂದು ಮೊದಲು ಹೇಳಬೇಕು, ಆಮೇಲೆ ಕೂಡಿಸಬೇಕು.

ಒಟ್ಟು ಹತ್ತು ಪಾಲು ಕೊಟ್ಟು ಹಂಚಿ ಎಂದು ಮನೆಯವರನ್ನು ಕೇಳಿದೆ. ತಂಗಿ ನೋಟಕ್ಕೆ 3, ಸದ್ದಿಗೆ 5, ಓಟಕ್ಕೆ 2 ಕೊಟ್ಟಳು. ಅವಳ ಲೆಕ್ಕದಲ್ಲಿ ನೂರಕ್ಕೆ ಸಾದಾ 33, ಬೆಲೆಯದು 74. ನಾನಾ ನೋಟಕ್ಕೆ 2, ಸದ್ದಿಗೆ 1, ಓಟಕ್ಕೆ 7 ಕೊಟ್ಟರು. ಅವರ ಲೆಕ್ಕದಲ್ಲಿ ಸಾದಾ 73, ಬೆಲೆಯದು 67. ಎಂಜಿನ್ನುಗಳೂ ಅವೇ, ಅಂಕಗಳೂ ಅವೇ, ಆದರೆ ಉತ್ತರ ತಿರುಗಿತು. ಇಬ್ಬರದ್ದೂ ತಪ್ಪಲ್ಲ. ಎಂಜಿನ್ನನ್ನು ಗಾಜಿನ ಕಪಾಟಿನಲ್ಲಿ ಇಡುವವರು ನೋಟಕ್ಕೆ 9 ಕೊಟ್ಟರೂ ಸರಿಯೇ.

ಇದರ ಮೇಲೆ ಇನ್ನೊಂದು ಪ್ರಶ್ನೆಯೂ ಇದೆ. ಈ ಮೂರರಲ್ಲಿ ಯಾವುದನ್ನು ನಂತರ ಸೇರಿಸಬಹುದು? ನೋಟವನ್ನು ಸೇರಿಸಬಹುದು. ತಂತಿ, ಬಣ್ಣ, ಕುಂಚ, ತಾಳ್ಮೆ ಇದ್ದರೆ ಹಿಡಿಕೆಯ ಕಂಬಿಗಳನ್ನು ಮನೆಯಲ್ಲೇ ಕೂರಿಸಬಹುದು. ಸದ್ದನ್ನೂ ಸೇರಿಸಬಹುದು. ಸಾದಾ ಎಂಜಿನ್ನಿನ ಡಿಕೋಡರ್ ತೆಗೆದು, ಟೆಂಡರಿನಲ್ಲಿ ಸ್ಪೀಕರ್ ಇಟ್ಟು, ಸದ್ದಿನ ಡಿಕೋಡರ್ ಹಾಕಬಹುದು. ಆದರೆ ಓಟ ಮೋಟರ್, ಗಿಯರ್ ಮತ್ತು ಚೌಕಟ್ಟಿನಲ್ಲಿದೆ. ಅದನ್ನು ಆಮೇಲೆ ಸೇರಿಸುವುದೆಂದರೆ ಹೆಚ್ಚುಕಡಿಮೆ ಇನ್ನೊಂದು ಎಂಜಿನ್ ಕೊಂಡಂತೆ. ಜೊತೆಗೆ ಓಟ ಸರಿಯಿಲ್ಲದಿದ್ದರೆ ಸದ್ದೂ ಕೆಡುತ್ತದೆ ಎಂದು ಆ ಕಡಿದು ಕಡಿದು ಬಂದ 'ಛಕ್ ಛಕ್'ನಲ್ಲೇ ನೋಡಿದೆವು. ಆದ್ದರಿಂದ ಹಣ ಕಡಿಮೆ ಇರುವ ನಮ್ಮಂಥವರು, ಓಡಿಸುವುದಕ್ಕೆಂದೇ ಕೊಳ್ಳುವುದಾದರೆ, ಮೊದಲು ಓಟಕ್ಕೆ ಹಣ ಹಾಕಬೇಕು ಎಂಬುದು ನನ್ನ ಅಭಿಪ್ರಾಯ.

ಕೊನೆಗೆ

ಮಾಮು ಹೊರಡುವ ಹಿಂದಿನ ದಿನ ಬೆಲೆಯ ಎಂಜಿನ್ ಪೆಟ್ಟಿಗೆಗೆ ಮರಳಿತು. ತಂಗಿ ಅತ್ತಳು. ನನಗೂ ಬೇಸರವಾಯಿತು, ಸುಳ್ಳು ಹೇಳಲಾರೆ. ಅದರ ತಾಮ್ರದ ಕೊಳವೆಗಳು ಇನ್ನೂ ಕಣ್ಣ ಮುಂದಿವೆ. ನಾನಾ ಬಳಿ ಉಳಿದ 2,500 ರೂಪಾಯಿಗೆ ಎರಡು ಡಬ್ಬಿಗಳು ಬಂದವು.

ಈಗ ಸಂಜೆ ಹೊತ್ತು ನಾನಾ ಮೇಜಿನ ಮೇಲೆ ಹಳಿ ಹಾಕುತ್ತಾರೆ. ಕಿವಿಯ ಮೆಷಿನ್ ತೆಗೆದಿಟ್ಟು, ಎಡಗೈಯ ಎರಡು ಬೆರಳನ್ನು ಹಲಗೆಯ ಮೇಲೆ ಇಟ್ಟುಕೊಂಡು ಓಡಿಸುತ್ತಾರೆ. ಎಂಜಿನ್ ಹತ್ತಿರ ಬರುವುದು ಹಲಗೆಯ ನಡುಕದಿಂದ ಗೊತ್ತಾಗುತ್ತದಂತೆ. ಸುಣ್ಣದ ಗೆರೆಯನ್ನು ಗದಗ ನಿಲ್ದಾಣ ಎನ್ನುತ್ತಾರೆ, ಎಂಜಿನ್ ಅಲ್ಲಿಗೆ ಬಂದು ಮೆಲ್ಲಗೆ ನಿಲ್ಲುತ್ತದೆ. ಸೀಟಿ ಹಾಕುವುದು ಮಾತ್ರ ತಂಗಿಯ ಕೆಲಸ, ಬಾಯಿಂದಲೇ ಹಾಕುತ್ತಾಳೆ. ಅದು ನಾನಾಗೂ ಕೇಳಿಸುತ್ತದೆ.

ಆಸಕ್ತಿ ಇರುವವರಿಗೆ ಒಂದೆರಡು ಮಾತು. ನಿಜವಾದ ಹಳೆಯ ಎಂಜಿನ್ನುಗಳನ್ನು ಹತ್ತಿರದಿಂದ ನೋಡಲು 2020ರಲ್ಲಿ ತೆರೆದ ನಮ್ಮ ಹುಬ್ಬಳ್ಳಿಯ ರೈಲ್ವೆ ಮ್ಯೂಸಿಯಂ ಇದೆ, 1979ರಲ್ಲಿ ಆರಂಭವಾದ ಮೈಸೂರಿನ ರೈಲ್ವೆ ಮ್ಯೂಸಿಯಂ ಇದೆ. ಚಿಕ್ಕ ರೈಲುಗಳು ಓಡುವುದನ್ನು ನೋಡಬೇಕೆಂದರೆ ಪುಣೆಯ ಕೊತ್ರೂಡ್‌ನಲ್ಲಿ ಜೋಶಿ ಅವರ ಮಿನಿಯೇಚರ್ ರೈಲ್ವೆ ಮ್ಯೂಸಿಯಂ ಇದೆ. ಅಲ್ಲಿ ಎಂಜಿನ್ ಹೊರಡುವ ಮತ್ತು ನಿಲ್ಲುವ ಕ್ಷಣವನ್ನು ಗಮನಿಸಿ ನೋಡಿ. ಹಾಗೆಯೇ ನಿಮ್ಮ ಮನೆಯಲ್ಲೂ ರೈಲ್ವೆಯಲ್ಲಿ ಕೆಲಸ ಮಾಡಿದ ಹಿರಿಯರಿದ್ದರೆ, ಒಂದು ಸುತ್ತಿಗೆ ಎಷ್ಟು 'ಛಕ್' ಎಂದು ಕೇಳಿ ನೋಡಿ. ಅವರು ಹೇಳಿದ್ದನ್ನು ನನಗೂ ತಿಳಿಸಿ.